ಮಸ್ಕಿಯ ಯಮನಿಂದ ಚಿತ್ರಗುಪ್ತರಿಗೆ ಒಂದು ಅರಿಕೆ

ಮಾನ್ಯ ಚಿತ್ರಗುಪ್ತರ ಸನ್ನಿಧಾನಕ್ಕೆ,
ಗ್ರಾಹಕ ಸೇವಾ ಯಂತ್ರ, ‘ದೇವರೂಪ’ ಡಿಜಿಟಲ್ ಚಿತ್ರ ಕಂಪನಿ

ಮಾನ್ಯರೇ,

ಹಗಲೆನ್ನದೆ ಇರುಳೆನ್ನದೆ, ಊಟವಿಲ್ಲದೆ ರಜೆಯಿಲ್ಲದೆ, ಆಕಳಿಸದೆ ಸಿಡುಕದೆ, ಕೇಳಿದ ಒಂದು ಪ್ರಶ್ನೆಯನ್ನು ಬಿಟ್ಟು ಉಳಿದೆಲ್ಲ ಪ್ರಶ್ನೆಗಳಿಗೂ ಉತ್ತರ ಕೊಡುತ್ತಿರುವ ತಮಗೆ, ರಾಯಚೂರು ಜಿಲ್ಲೆ ಮಸ್ಕಿಯ ನಿವಾಸಿಯೂ ಪಶುಪಾಲನಾ ಇಲಾಖೆಯ ನಿವೃತ್ತ ಪರಿವೀಕ್ಷಕನೂ ಆದ ಅಮರಗುಂಡಪ್ಪನು ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕಡೆ ವಿದ್ಯುತ್ತು, ಇಂಟರ್ನೆಟ್ಟು ಎರಡೂ ಕ್ಷೇಮವಾಗಿರಲೆಂದು ಹಾರೈಸುತ್ತೇನೆ. ತಾವು ಯಂತ್ರವೆಂಬುದು ನನಗೆ ತಿಳಿಯದ ವಿಷಯವಲ್ಲ. ಆದರೆ ತಮ್ಮ ಕಂಪನಿಯಲ್ಲಿ ಈವರೆಗೆ ನನ್ನೊಡನೆ ಮಾತನಾಡುವ ಸೌಜನ್ಯ ತೋರಿದವರು ತಾವೊಬ್ಬರೇ ಆದ್ದರಿಂದ, ಮತ್ತು ತಮ್ಮ ಪುಟ್ಟ ಕಿಟಕಿಯಲ್ಲಿ ಎರಡು ಸಾಲಿಗಿಂತ ಹೆಚ್ಚು ಬರೆದರೆ ‘ಸಂಕ್ಷಿಪ್ತವಾಗಿ ತಿಳಿಸಿ’ ಎಂದು ತಾವು ಅಪ್ಪಣೆ ಮಾಡುವುದರಿಂದ, ಈ ಬಿನ್ನಹವನ್ನು ಪತ್ರಿಕೆಯ ಮೂಲಕ ಬಹಿರಂಗವಾಗಿ ಮಾಡಿಕೊಳ್ಳಬೇಕಾಗಿ ಬಂದಿದೆ. ಕ್ಷಮೆಯಿರಲಿ.

ವಿಷಯ ಇಷ್ಟೇ. ತಮ್ಮ ಆ್ಯಪಿನಲ್ಲಿ ‘ಯಮ’ ಎಂಬ ಎರಡಕ್ಷರ ಒತ್ತಿದರೆ ಕೋಣವೇರಿ ಬರುವ ಮುಖವಿದೆಯಲ್ಲ, ಅದು ನನ್ನದು.

ಆ ಮುಖ ತಮ್ಮಲ್ಲಿಗೆ ಬರುವ ಮೊದಲು ಎಲ್ಲಿತ್ತು ಎಂಬುದನ್ನು ತಿಳಿಸಬೇಕು. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಕಾಲುವೆ ದಾಟುವಲ್ಲಿ ಒಂದು ಕೆಟ್ಟ ತಿರುವಿದೆ. ಭತ್ತದ ಲಾರಿಗಳು, ಟ್ರ್ಯಾಕ್ಟರುಗಳು, ಮೂವರನ್ನು ಹೊತ್ತ ಬೈಕುಗಳು ಅಲ್ಲಿ ಮೇಲಿಂದ ಮೇಲೆ ಕಾಲುವೆಗೆ ಬೀಳುತ್ತಿದ್ದವು. ಅಕ್ಕಪಕ್ಕದ ರೈತರು ಸೇರಿ, ತಿರುವಿನ ಗೋಡೆಯ ಮೇಲೆ ಯಮನ ಚಿತ್ರ ಬರೆಸೋಣವೆಂದು ತೀರ್ಮಾನಿಸಿ, ಸಿಂಧನೂರಿನ ಪೇಂಟರ್ ಪಂಪಾಪತಿಗೆ ಕೆಲಸ ಒಪ್ಪಿಸಿದರು. ಪಂಪಾಪತಿ ಎಂದರೆ ನಮ್ಮ ಸೀಮೆಯ ಅಕ್ಕಿ ಗಿರಣಿಗಳ ಗೋಡೆ, ಟ್ರ್ಯಾಕ್ಟರುಗಳ ಹಿಂಬದಿ, ಗುಡಿಗಳ ಪೌಳಿ ಎಲ್ಲದರ ಮೇಲೂ ಕೈಯಾಡಿಸಿದವನು. ಅವನು ಒಂದು ಬೆಳಗ್ಗೆ ನಮ್ಮ ಮನೆಗೆ ಬಂದು, ಚಹಾ ಕುಡಿದು, ಸಂಕೋಚದಿಂದ ನನ್ನ ಮುಖವನ್ನೇ ನೋಡುತ್ತ, “ಕಾಕಾ, ನಿಮ್ಮ ಮಾರಿ ಜರಾ ಬೇಕಾಗಿತ್ರಿ” ಎಂದನು.

“ಯಾತಕ್ಕೋ?” ಎಂದೆ.

“ಯಮಗ್ರಿ.”

ನನಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಊರಲ್ಲಿ ಇಷ್ಟು ಜನರಿರುವಾಗ ನಾನೇ ಏಕೆ ಎಂದು ಕೇಳಿದೆ. “ಮಾರಿ ದೊಡ್ಡದೈತ್ರಿ, ಮೀಸಿ ದೊಡ್ಡದೈತ್ರಿ, ಆದ್ರ ಕಣ್ಣಾಗ ಕರುಣಾ ಐತಿ. ಡ್ರೈವರ್ ನೋಡಿದ ಕೂಡಲೇ ಅಂಜಬೇಕು, ಆದ್ರ ಸ್ಟೇರಿಂಗ್ ಬಿಡಬಾರ್ದು. ಅಂಥ ಮಾರಿ ಮೂರು ತಾಲೂಕಿನಾಗ ಇನ್ನೊಂದಿಲ್ರಿ” ಎಂದ. ನೌಕರಿಯುದ್ದಕ್ಕೂ ಮೇಲಧಿಕಾರಿಗಳ ಬಾಯಲ್ಲಿ ಇಂಥ ಒಂದು ಪ್ರಶಂಸೆ ಕೇಳದೆ ನಿವೃತ್ತನಾದ ನಾನು ತಕ್ಷಣ ಒಪ್ಪಿಕೊಂಡೆ.

ಕೋಣ ಸಿಗಲಿಲ್ಲ. ಸಿಂಧನೂರು ತಾಲೂಕಿನ ಮುಕ್ಕುಂದದಲ್ಲಿ ಗ್ಯಾನಮ್ಮ ಎಂಬ ಗಟ್ಟಿಗಿತ್ತಿ ಇದ್ದಾಳೆ. ಅವಳ ಎಮ್ಮೆ ಕರು ಹಾಕಲಾರದೆ ಒದ್ದಾಡಿದಾಗ ನಾನೇ ಹೋಗಿ ಕರು ಎಳೆದಿದ್ದೆ. ಆ ಋಣಕ್ಕೆ ಅವಳು ಎಮ್ಮೆಯನ್ನು ಹೊಳೆಯಲ್ಲಿ ಮೀಯಿಸಿ ತಂದು ನಿಲ್ಲಿಸಿದಳು. ನಾನು ಮೇಲೆ ಕುಳಿತೆ. ಪಂಪಾಪತಿ ಕೆಚ್ಚಲನ್ನು ಬಿಟ್ಟು ಉಳಿದದ್ದನ್ನೆಲ್ಲ ಇದ್ದದ್ದು ಇದ್ದಂತೆ ಬರೆದ. ಕರುವೊಂದು ಒದ್ದು ಸೀಳಿದ್ದ ನನ್ನ ಬಲ ಹುಬ್ಬು ಬಂತು. ಎಡಕ್ಕಿಂತ ಬಲಕ್ಕೆ ಹೆಚ್ಚು ಏರುವ ಮೀಸೆ ಬಂತು. ನಾನು ಬಿಚ್ಚಿಡಲು ಮರೆತಿದ್ದ, ಬಲಗೈಗೆ ಕಟ್ಟುವ ನನ್ನ ಗಡಿಯಾರವೂ ಬಂತು. ಕೆಳಗೆ ಅವನೇ ಸ್ವಂತವಾಗಿ ಹೊಸೆದ ಸಾಲು: “ನಿಧಾನಕ್ಕ ಹೋಗ್ರಿ, ನನಗೇನೂ ಅವಸರ ಇಲ್ಲ.”

ಮಾನ್ಯರೇ, ಆ ಗೋಡೆ ಕೆಲಸ ಮಾಡಿತು. ಲಾರಿಯವರು ಅಲ್ಲಿ ಬಂದೊಡನೆ ವೇಗ ತಗ್ಗಿಸಿ, ಹಾರ್ನ್ ಹೊಡೆದು, ಎದೆಗೆ ಕೈಮುಟ್ಟಿಸಿಕೊಂಡು ಹೋಗತೊಡಗಿದರು. ನಾನು ಬಸ್ಸು ಹತ್ತಿದರೆ ಕಂಡಕ್ಟರು “ಯಮರಾಯ್ರು ಬಂದ್ರು, ಮುಂದಿನ ಸೀಟು ಬಿಡ್ರಿ” ಎನ್ನುವನು. ನನಗೆ ಅದರಿಂದ ಬೇಜಾರಿರಲಿಲ್ಲ. ಕೇಳಿ ಪಡೆದಿದ್ದರು, ಕೊಟ್ಟಿದ್ದೆ. ಗೋಡೆ ಎಲ್ಲಿದೆ, ಯಾರಿಗಾಗಿ ಇದೆ ಎಂಬುದು ನನಗೆ ಗೊತ್ತಿತ್ತು.

ಆಮೇಲೆ ಯಾವ ಪುಣ್ಯಾತ್ಮ ಆ ಗೋಡೆಯ ಫೋಟೊ ತೆಗೆದನೋ, ಅದು ಎಲ್ಲೆಲ್ಲಿ ಅಲೆದು ತಮ್ಮ ಕಂಪನಿಯ ಉದರಕ್ಕೆ ಸೇರಿತೋ ನಾನರಿಯೆ. ಸಿಂಧನೂರಿನಲ್ಲಿ ನನ್ನ ಅಕ್ಕನ ಸೊಸೆ ಅಶ್ವಿನಿ ಇದ್ದಾಳೆ, ಬ್ಯಾಂಕಿನಲ್ಲಿ ನೌಕರಿ, ಅವಳು ಒಂದು ದಿನ ಮೊಬೈಲಿಗೆ ವಿಡಿಯೊ ಕಳಿಸಿ, “ಮಾವಾ, ಇದು ನೀವ ಅಲ್ರೀ?” ಎಂದು ಕೇಳಿದಳು. ನೋಡಿದರೆ ನಾನೇ. ಕಿರೀಟ ಚಿನ್ನದ್ದಾಗಿತ್ತು, ಗದೆಯಿಂದ ಬೆಂಕಿ ಬರುತ್ತಿತ್ತು, ನಾನು ಹಿಂದಿಯಲ್ಲಿ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಕೋರಿ, ಇನ್ನೊಂದು ವರ್ಷ ಕಡಿಮೆಯಾಯಿತೆಂದು ನೆನಪಿಸಿ ಗಹಗಹಿಸುತ್ತಿದ್ದೆ. ತಮ್ಮ ಕಂಪನಿಯ ಔದಾರ್ಯವನ್ನು ಇಲ್ಲಿ ಸ್ಮರಿಸದಿದ್ದರೆ ಕೃತಘ್ನನಾದೇನು. ಸರ್ಕಾರಿ ಸೇವೆಯಲ್ಲಿ ನಾನು ಕಷ್ಟಪಟ್ಟು ಬೆಳೆಸಿಕೊಂಡ ಹೊಟ್ಟೆಯನ್ನು ತಾವು ಒಂದೇ ಕ್ಷಣದಲ್ಲಿ ಕರಗಿಸಿ ಪೈಲ್ವಾನನ ಮೈಕಟ್ಟು ದಯಪಾಲಿಸಿದಿರಿ. ನನಗೆ ತಮಿಳು ಕಲಿಸಿದಿರಿ. ಕಲಿಯಬೇಕೆಂದು ನಾನು ಮೂರು ಸಲ ಪ್ರಯತ್ನಿಸಿ ಬಿಟ್ಟ ಇಂಗ್ಲಿಷನ್ನು ನನ್ನ ಬಾಯಿಂದ ನೀರಿನಂತೆ ಹರಿಸಿದಿರಿ. ಗ್ಯಾನಮ್ಮನ ಎಮ್ಮೆಗೆ, ಬಹುಶಃ ಓಡಲು ಅನುಕೂಲವಾಗಲೆಂದು, ಐದನೆಯ ಕಾಲು ಕೊಟ್ಟಿರಿ. ಗಡಿಯಾರವನ್ನು ಮಾತ್ರ ಹಾಗೇ ಬಿಟ್ಟಿರಿ. ಹೀಗಾಗಿ ಭರತಖಂಡದಲ್ಲಿ ಮೊದಲ ಬಾರಿಗೆ ಯಮಧರ್ಮನು ಬಲಗೈಯಲ್ಲಿ ವಾಚು ನೋಡಿಕೊಂಡು ಪ್ರಾಣ ತೆಗೆಯಲು ಹೊರಟನು.

ಮೊದಮೊದಲು ನಾನೂ ಹಿಗ್ಗಿದೆ ಎಂಬುದನ್ನು ಮುಚ್ಚಿಡಲಾರೆ. ಚಹಾದಂಗಡಿಯಲ್ಲಿ ಕರೆದು ಕರೆದು ತೋರಿಸಿದೆ. ಬರಬರುತ್ತ ಹೆಲ್ಮೆಟ್ಟು, ತಲೆಹೊಟ್ಟಿನ ಎಣ್ಣೆ, ಇಲಿ ಪಾಷಾಣ, ಜೀವವಿಮೆ ಎಲ್ಲದರಲ್ಲೂ ನಾನು ಕಾಣಿಸಿಕೊಂಡಾಗ ಹಿಗ್ಗು ಇಳಿಯಿತು. ತಮ್ಮ ಆ್ಯಪಿನ ಇನ್ನೊಂದು ಮಹಿಮೆ ಎಂದರೆ ಯಾರ ಹೆಸರು ಬರೆದರೂ ಯಮನು ಆ ಹೆಸರು ಹಿಡಿದೇ ಕರೆಯುತ್ತಾನೆ. ಅದರಿಂದಲೇ ಅನಾಹುತವಾಯಿತು.

ನನ್ನ ಅಕ್ಕ ಬಸವಣ್ಣೆಮ್ಮ. ಅವ್ವ ತೀರಿದಾಗ ನಾನು ಹಾಲು ಕುಡಿಯುವ ಕೂಸು. ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸಿಂಧನೂರಿಗೆ ಮದುವೆಯಾಗಿ ಹೋಗುವಾಗಲೂ ನನ್ನನ್ನು ಜೊತೆಗೇ ಕರೆದೊಯ್ದವಳು. ಕಳೆದ ಬೇಸಿಗೆಯಲ್ಲಿ ಅವಳಿಗೆ ಎದೆನೋವು ಬಂದು ಸಿಂಧನೂರಿನ ಒಂದು ದವಾಖಾನೆಗೆ ಸೇರಿಸಿದರು. ಸುದ್ದಿ ತಿಳಿದ ಕೂಡಲೇ ನಾನು ಮೋಸಂಬಿ ಕಟ್ಟಿಕೊಂಡು ಬಸ್ಸು ಹತ್ತಿ, ನೆಟ್ಟಗೆ ವಾರ್ಡಿಗೆ ಹೋದೆ. “ಸಾಲಗುಂದದ ಆದಪ್ಪನವರ ಬಾಜೂ ಮಂಚ” ಎಂದು ಅಶ್ವಿನಿ ಗುರುತು ಹೇಳಿದ್ದಳು. ಬಾಗಿಲಲ್ಲಿ ನಿಂತು ನೋಡಿದೆ. ಅಕ್ಕ ಔಷಧಿಯ ಮಂಪರಿನಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದರಿಂದ ಗುರುತಾಗಲಿಲ್ಲ. ಒಬ್ಬ ಹಿರಿಯರು ಮೊಬೈಲ್ ಹಿಡಿದು ಕುಳಿತಿದ್ದರು. ಅವರ ಬಳಿ ಹೋಗಿ, ನನ್ನ ಅಭ್ಯಾಸದಂತೆ ಒಮ್ಮೆ ವಾಚು ನೋಡಿಕೊಂಡು, ಅತ್ಯಂತ ವಿನಯದಿಂದ ಕೇಳಿದೆ: “ಆದಪ್ಪ ಅಂದ್ರ ನೀವ ಏನ್ರಿ?”

ನನಗೆ ತಿಳಿಯದ ಸಂಗತಿ ಏನೆಂದರೆ, ಆ ಬೆಳಗ್ಗೆಯೇ ಅವರ ಅಳಿಯ ತಮಾಷೆಗೆಂದು ತಮ್ಮ ಆ್ಯಪಿನಿಂದ ಒಂದು ವಿಡಿಯೊ ಮಾಡಿ ಅವರಿಗೆ ಕಳಿಸಿದ್ದ. ಅದರಲ್ಲಿ ನಾನು ಕೋಣದ ಮೇಲೆ ಕುಳಿತು, “ಸಾಲಗುಂದದ ಆದಪ್ಪನವರೇ, ಸಿದ್ಧರಾಗಿ, ಹೊರಟಿದ್ದೇನೆ” ಎಂದು ತಿಳಿಸಿದ್ದೆನಂತೆ.

ಹಿರಿಯರು ಮೊಬೈಲು ನೋಡಿದರು, ನನ್ನನ್ನು ನೋಡಿದರು, ಗಡಿಯಾರ ನೋಡಿದರು. “ನಾ ಅಲ್ರಿ! ಯಪ್ಪಾ, ನಾ ಅಲ್ಲ! ಆದಪ್ಪ ನಿನ್ನೇನ ಡಿಸ್ಚಾರ್ಜ್ ಆಗಿ ಹೋಗ್ಯಾನ್ರಿ!” ಎಂದು ಕಿರುಚಿ, ಸಲಾಯಿನ್ ಸ್ಟ್ಯಾಂಡನ್ನು ಕೊಡೆಯಂತೆ ಎತ್ತಿ ಹಿಡಿದು, ಹೃದ್ರೋಗಿಗೆ ಸಾಧ್ಯವೇ ಇಲ್ಲವೆಂದು ವೈದ್ಯರು ಹೇಳುವ ವೇಗದಲ್ಲಿ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡರು. ಉಳಿದ ರೋಗಿಗಳು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ಯಾವುದೋ ಯಂತ್ರ ಕುಂಯ್ ಕುಂಯ್ ಎನ್ನತೊಡಗಿತು. ವಾರ್ಡಿನ ಹಿರಿಯ ನರ್ಸು ಗಂಗಾದೇವಿ ಓಡಿಬಂದವರು ನನ್ನ ಕಥೆ ಕೇಳುವ ಸ್ಥಿತಿಯಲ್ಲಿರಲಿಲ್ಲ. “ಯಜಮಾನ್ರ, ನೀವು ಯಾರರ ಆಗಿರ್ರಿ, ನನ್ನ ವಾರ್ಡಿಗೆ ಬರಬ್ಯಾಡ್ರಿ. ಇಲ್ಲಿ ಒಬ್ಬೊಬ್ಬರ ಬಿ.ಪಿ. ಇಳಿಸಾಕ ನಾವು ಹೆಣಗಾಡಾಕತ್ತೀವಿ, ನೀವು ಒಂದ ಮಾತಿನಾಗ ಎಲ್ಲಾರ್ದೂ ಏರಿಸಿದ್ರಿ” ಎಂದು ಹೊರಗೆ ಕಳಿಸಿದರು.

ಮೋಸಂಬಿಯನ್ನು ಕಾವಲುಗಾರನ ಕೈಗಿತ್ತು, ಎದುರಿನ ಬೇವಿನ ಕಟ್ಟೆಯ ಮೇಲೆ ಕುಳಿತೆ. ಅಕ್ಕನ ಕಿಟಕಿ ಅಲ್ಲಿಂದ ಕಾಣುತ್ತಿತ್ತು, ಪರದೆ ಎಳೆದಿದ್ದರು. ಸಂಜೆಗೆ ಅಶ್ವಿನಿ ಬಂದು, “ಮಾವಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮತ್ತೀಗೆ ಆರಾಮ ಆಗೋತನಕ ನೀವು ಬರೋದು ಬ್ಯಾಡ ಅಂತ ಎಲ್ಲಾರೂ ಅನ್ನಾಕತ್ತಾರ್ರಿ. ಆ ಆದಪ್ಪಜ್ಜ ಇನ್ನೂ ಬಾತ್‌ರೂಮ್ ಬಿಟ್ಟು ಹೊರಗ ಬಂದಿಲ್ಲ” ಎಂದಳು. ಪಾಪ, ಅವಳ ಕಣ್ಣಲ್ಲೂ ನೀರಿತ್ತು. ನಾನು ಬಸ್ಸಿನಲ್ಲಿ ಮರಳುವಾಗ ಕಾಲುವೆಯ ತಿರುವು ಬಂತು, ಡ್ರೈವರು ವೇಗ ತಗ್ಗಿಸಿದ, ಕಂಡಕ್ಟರು ಎಂದಿನಂತೆ ಏನೋ ಚಾಷ್ಟಿ ಮಾಡಿದ. ನನಗೆ ಆ ದಿನ ನಗಲಾಗಲಿಲ್ಲ. ಪುರಾಣದ ಯಮನಿಗೂ ಒಬ್ಬ ತಂಗಿಯಿದ್ದಾಳೆ, ಯಮುನೆ. ದೀಪಾವಳಿಯ ಬಿದಿಗೆಗೆ ಅವನು ಪಾಶವನ್ನು ಗೂಟಕ್ಕೆ ತೂಗುಹಾಕಿ ಅವಳ ಮನೆಗೆ ಊಟಕ್ಕೆ ಹೋಗುತ್ತಾನಂತೆ. ನಿಜವಾದ ಯಮನಿಗಿದ್ದ ಆ ಸವಲತ್ತು ನನಗಿಲ್ಲದೆ ಹೋಯಿತು.

ಆಗಲೇ ಅಲ್ಲವೇ, ಮಾನ್ಯರೇ, ನಾನು ತಮ್ಮ ಸೇವಾ ಕಿಟಕಿ ತಟ್ಟಿದ್ದು? ಅಲ್ಲಿ ತಮ್ಮ ಶುಭನಾಮ ಚಿತ್ರಗುಪ್ತರೆಂದು ಕಂಡು ನನಗೆ ಧೈರ್ಯ ಬಂತು; ನಮ್ಮ ಕಚೇರಿಯವರೇ ಸಿಕ್ಕಷ್ಟು ಸಂತೋಷವಾಯಿತು. ಚಿತ್ರವನ್ನು ಗುಪ್ತವಾಗಿ ಒಯ್ಯುವವರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂಬುದು ಆಮೇಲೆ ಹೊಳೆಯಿತು. ನನ್ನ ಮುಖ ತೆಗೆದುಹಾಕಿರೆಂದು ಬೇಡಿಕೊಂಡೆ. ಯಮನು ಪೌರಾಣಿಕ ಪಾತ್ರ, ಯಾರ ಸ್ವತ್ತೂ ಅಲ್ಲ, ಹೋಲಿಕೆ ಕೇವಲ ಕಾಕತಾಳೀಯ ಎಂದು ತಾವು ತಿಳಿಸಿದಿರಿ. ನಾನು ವಾಚಿನ ಸಮೇತ ನನ್ನ ಫೋಟೊ ಕಳಿಸಿದೆ. ಅದು ತಮ್ಮ ಕಂಪನಿಯ ನೋಂದಾಯಿತ ಕೃತಿಯಾದ ‘ಮೂಲ ಯಮ’ವನ್ನು ಹೋಲುತ್ತದೆ, ಅದರ ಡಿಜಿಟಲ್ ಒಡೆತನವನ್ನು ಬಳಕೆದಾರರೊಬ್ಬರು ಪಡೆದಿದ್ದಾರೆ, ಅವರ ಅನುಮತಿಯಿಲ್ಲದೆ ನಾನು ಈ ಮುಖವನ್ನು ಬಳಸಬಾರದು ಎಂದು ತಾವು ನನ್ನನ್ನೇ ಎಚ್ಚರಿಸಿದಿರಿ. ಅಂದರೆ ಎರಡು ಸಾಲಿನ ಹಿಂದೆ ಯಾರದೂ ಅಲ್ಲದ ಯಮನು ಎರಡು ಸಾಲಿನ ಮುಂದೆ ನನ್ನೊಬ್ಬನನ್ನು ಬಿಟ್ಟು ಬೇರೆಯವರದಾಗಿದ್ದ. ಒಡೆಯರ ಹೆಸರೇನೆಂದು ಕೇಳಿದೆ. ‘ಮೃತ್ಯುಂಜಯ’ ಎಂದು ಬಂತು. ಯಮನನ್ನು ಗೆದ್ದವನು ಮೃತ್ಯುಂಜಯನೇ ಎಂದು ಚಿಕ್ಕಂದಿನಿಂದ ಪುರಾಣ ಕೇಳಿ ಬೆಳೆದ ಶಿವಭಕ್ತರ ಮನೆಯವನು ನಾನು. ಈ ತೀರ್ಪಿಗೆ ಮೇಲ್ಮನವಿ ಇಲ್ಲವೆಂದು ಕೈಮುಗಿದೆ.

ಪಂಪಾಪತಿಗೆ ಇದನ್ನು ತೋರಿಸಿದಾಗ ಅವನು ಮೊದಲು ನಕ್ಕ, ಆಮೇಲೆ ಬ್ರಷ್ಷು ನೆಲಕ್ಕೊಗೆದ. “ಬಣ್ಣ ನಂದು, ಮಾರಿ ನಿಮ್ದು, ಎಮ್ಮಿ ಗ್ಯಾನಮ್ಮಂದು. ಇದರಾಗ ಅವರ್ದೇನ್ರಿ ಐತಿ?”

“ಐದನೇ ಕಾಲು” ಎಂದೆ.

ನಚಿಕೇತನೆಂಬ ಬಾಲಕ ಯಮನ ಬಾಗಿಲಲ್ಲಿ ಅನ್ನನೀರಿಲ್ಲದೆ ಕಾದನೆಂದೂ, ಅತಿಥಿಯನ್ನು ಕಾಯಿಸಿದ ತಪ್ಪಿಗೆ ಯಮನು ನಾಚಿ ವರಗಳನ್ನು ಕೊಟ್ಟನೆಂದೂ ಹಿರಿಯರು ಹೇಳುತ್ತಾರೆ. ತಾವು ಯಮನನ್ನೇ ಬಾಗಿಲಲ್ಲಿ ಕಾಯಿಸಿ, ಕೊನೆಗೆ ‘ನಮ್ಮ ಸೇವೆ ತೃಪ್ತಿ ತಂದಿತೇ? ನಕ್ಷತ್ರ ಕೊಡಿ’ ಎಂದು ಅವನಿಂದಲೇ ವರ ಕೇಳಿದಿರಿ. ಇದು ಸಾಮಾನ್ಯರಿಂದ ಆಗುವ ಮಾತಲ್ಲ.

ತಮ್ಮಿಂದ ಆಗದ ಕೆಲಸವನ್ನು ಹಜಾಮನಿಂದ ಮಾಡಿಸೋಣವೆಂದು ತೀರ್ಮಾನಿಸಿದೆ. ಮುಖ ತಮ್ಮದೇ ಇರಲಿ, ಮೀಸೆ ತೆಗೆದರೆ ಅಕ್ಕನನ್ನು ನೋಡಬಹುದಲ್ಲ? ಹಜಾಮನು “ಯಾಕ್ರಿ ಸಾವ್ಕಾರ, ಖರೇನ ತೆಗೀಲೇನ್ರಿ?” ಎಂದು ಮತ್ತೆ ಮತ್ತೆ ಕೇಳಿ, ಕಣ್ಣು ಮುಚ್ಚಿಕೊಂಡವನಂತೆ ಕತ್ತಿ ಆಡಿಸಿದ. ಕನ್ನಡಿಯಲ್ಲಿ ಒಬ್ಬ ಅಪರಿಚಿತ ಮುದುಕ ನನ್ನನ್ನು ನೋಡಿ ಬೆಚ್ಚಿದ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಪರಿಚಯದ ಅಂಗಡಿಯವರೊಬ್ಬರು ನನ್ನ ಬೋಳು ತುಟಿ ಕಂಡು ದಂಗಾಗಿ, “ಅಯ್ಯ, ಯಾರು ಹೋದ್ರೀ?” ಎಂದು ಕೂಗಿದರು. ಸತ್ತವರ ಮನೆಯಲ್ಲಿ ಮೀಸೆ ತೆಗೆಸುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲದಿದ್ದರೂ ಅವರ ಮನೆತನದಲ್ಲಿತ್ತು. ನಾನು “ಅಕ್ಕ ದವಾಖಾನ್ಯಾಗ...” ಎಂದು ಶುರುಮಾಡಿದೆ. ಬಸ್ಸು ಹೊರಟಿತು. ಉಳಿದ ವಾಕ್ಯವನ್ನು ಮಸ್ಕಿಯವರೇ ಪೂರ್ತಿ ಮಾಡಿಕೊಂಡರು.

ಸಿಂಧನೂರಿನಲ್ಲಿ ಗಂಗಾದೇವಿಯವರು ನನ್ನ ಗುರುತು ಹಿಡಿಯಲಿಲ್ಲ. ಗಡಿಯಾರವನ್ನು ಕಿಸೆಯಲ್ಲಿಟ್ಟಿದ್ದೆ. ಅಕ್ಕ ದಿಂಬಿಗೊರಗಿ ಕುಳಿತು ಚಮಚದಿಂದ ಗಂಜಿ ಕುಡಿಯುತ್ತಿದ್ದಳು. ಬಡಕಲಾಗಿದ್ದಳು, ಆದರೆ ಕಣ್ಣು ಚುರುಕಾಗಿದ್ದವು. ಒಂದು ಗಳಿಗೆಯೂ ತಡೆಯದೆ, “ಅಮರ್ಯಾ, ಮೀಸಿ ಎಲ್ಲಿ ಹೋತೋ?” ಎಂದಳು. ಅವಳ ಪಾದ ಹಿಡಿದುಕೊಂಡು ಅಳುತ್ತ ಕುಳಿತುಬಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಮಸ್ಕಿಯ ವಾಕ್ಯ ಫೋನಿನ ಮೂಲಕ ಲಿಂಗಸುಗೂರು ತಲುಪಿ, ಅಲ್ಲಿಂದ ನಮ್ಮ ಚಿಕ್ಕಪ್ಪನ ಮಗಳು ಕಸ್ತೂರೆಮ್ಮ ಬಂಧುಬಳಗವನ್ನೆಲ್ಲ ಒಂದು ಟೆಂಪೊದಲ್ಲಿ ತುಂಬಿಕೊಂಡು, ಚೆಂಡುಹೂವಿನ ದೊಡ್ಡ ಹಾರ ಹಿಡಿದು ಬಂದಿದ್ದಳು. ಒಳಗೆ ಕಾಲಿಟ್ಟವಳೇ ಕಣ್ಣೊರೆಸಿಕೊಳ್ಳುತ್ತ, ಯಾರನ್ನೂ ನೋಡದೆ, “ಯವ್ವಾ ಬಸವಣ್ಣೆಮ್ಮಾ, ನಮ್ಮನ್ನೆಲ್ಲಾ ಬಿಟ್ಟು ಹೋದ್ಯಾ ಬೇ!” ಎಂದು ಹಾಡಿಕೊಂಡು ಅಳತೊಡಗಿದಳು. ಹಿಂದಿದ್ದವರೆಲ್ಲ ದನಿಗೂಡಿಸಿದರು.

ಅಕ್ಕ ಚಮಚ ಕೆಳಗಿಟ್ಟಳು. “ಎಲ್ಲಿ ಹೋಗ್ಲಿ ಬೇ? ಡಾಕ್ಟ್ರು ಬಿಡವಲ್ರು” ಎಂದಳು.

ಅಳು ಅಲ್ಲಿಗೇ ನಿಂತಿತು. ಕಸ್ತೂರೆಮ್ಮ ಹಾರ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿಟ್ಟುಕೊಂಡು ನಿಂತಳು. ತಂದ ಹಾರವನ್ನು ಹಿಂದೆ ಒಯ್ಯಬಾರದೆಂದು ಯಾರೋ ಅಂದರು. ಅಕ್ಕನೇ ದಾರಿ ತೋರಿದಳು: “ಹಗಲೆಲ್ಲಾ ನನ್ನ ಸಂಬಾಳಿಸಿದಾಕಿ ಈ ಸಿಸ್ಟರವ್ವ. ಆಕಿ ಕೊಳ್ಳಿಗೆ ಹಾಕ್ರಿ.” ಸತ್ತವರಿಗೆಂದು ತಂದ ಹಾರ ಹಾಕಿಸಿಕೊಂಡ ಗಂಗಾದೇವಿಯವರು ಬೈಯಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ಈ ಗದ್ದಲದಲ್ಲಿ ನನ್ನ ಸೀಳಿದ ಹುಬ್ಬು ಕಂಡು ಆದಪ್ಪನವರಿಗೆ ಗುರುತು ಹತ್ತಿತು. ಆದರೆ ಈ ಸಲ ಅವರು ಓಡಲಿಲ್ಲ. ಮೀಸೆಯಿಲ್ಲದ ಯಮನು ಮುದುಕಿಯೊಬ್ಬಳ ಕಾಲು ಹಿಡಿದು ಅಳುತ್ತಿದ್ದುದನ್ನೂ, ಆ ಮುದುಕಿ “ಅಳಬ್ಯಾಡ ಸುಮ್ನಿರೋ, ಮಂದಿ ನೋಡ್ತಾರ” ಎಂದು ಅವನ ತಲೆಗೆ ಮೊಟಕಿದ್ದನ್ನೂ ಅವರು ಕಣ್ಣಾರೆ ಕಂಡಿದ್ದರು. ಮಂಚದಿಂದ ಬಾಗಿ, ಮೆಲ್ಲಗೆ, “ಯಮಗೂ ಅಕ್ಕ ಇರ್ತಾಳೇನ್ರಿ?” ಎಂದು ಕೇಳಿದರು. ಇರುತ್ತಾಳೆಂದೆ. ಆಮೇಲೆ ಇನ್ನೂ ಮೆಲ್ಲಗೆ, “ಹಂಗಾದ್ರ ನನ್ನ ಸಮಾಚಾರ ಏನ್ರಿ?” ಎಂದರು. ಅವರು ತಮಾಷೆಗೆ ಕೇಳುತ್ತಿರಲಿಲ್ಲ. ಅಳಿಯ ಆಡಿದ ಆಟ ಅವರ ಎದೆಯಿಂದ ಇಳಿದಿರಲಿಲ್ಲ.

ನನ್ನಲ್ಲಿ ಎಷ್ಟೋ ವರ್ಷಗಳ ಸರ್ಕಾರಿ ಸೇವೆಯ ಅನುಭವವಿತ್ತು. ಅದನ್ನೇ ಉಪಯೋಗಿಸಿದೆ. “ನಿಮ್ಮ ಫೈಲ್ ಕಳದೈತ್ರಿ. ಹುಡುಕಾಕತ್ತಾರ. ಸಿಕ್ಕ ಮ್ಯಾಲೆ ಮ್ಯಾಲಿನ ಸಹಿ ಆಗಬೇಕು. ಸಾಹೇಬ್ರು ಲೀವಿನಾಗ ಅದಾರ. ನಿಮ್ಮ ಮರಿಮಕ್ಕಳ ಲಗ್ನ ಮುಗಿಸ್ಕೋರಿ, ಆಮ್ಯಾಲೆ ನೋಡೂಣಂತ” ಎಂದೆ.

ಆದಪ್ಪನವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಮಂಚ ಅಲುಗುವಂತೆ ನಕ್ಕರು. ಆಚೆ ಮಂಚದವರು “ಯಪ್ಪಾ, ನಂದೂ ಜರಾ ಕಳೀರಿ” ಎಂದರು. ಒಬ್ಬರ ಫೈಲು ಗೆದ್ದಲು ತಿಂದಿತ್ತು, ಒಬ್ಬರದು ಬೇರೆ ಜಿಲ್ಲೆಗೆ ತಪ್ಪಿ ಹೋಗಿತ್ತು. ಗಂಗಾದೇವಿಯವರು ಬಿ.ಪಿ. ನೋಡುವ ಪಟ್ಟಿ ಹಿಡಿದು ಬಂದು, ಎಲ್ಲರದನ್ನೂ ನೋಡಿ, “ನಾಳೀನೂ ಬರ್ರಿ” ಎಂದು ಅಪ್ಪಣೆ ಮಾಡಿದರು. ಅಕ್ಕ ಮನೆಗೆ ಬರುವವರೆಗೂ ನಾನು ದಿನಾ ಹೋದೆ.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ತಾವು ಬಿಡಲಿಲ್ಲ. ಮುಖ ನನ್ನದೆಂದು ರುಜುವಾತುಪಡಿಸಲು ಎದುರಿನಿಂದ, ಎಡದಿಂದ, ಬಲದಿಂದ ತೆಗೆದ ಹೊಸ ಚಿತ್ರಗಳನ್ನು ಕಳಿಸಿರೆಂದು ತಾವು ಸೂಚನೆ ಕೊಟ್ಟಿದ್ದಿರಿ. ಅಶ್ವಿನಿ ವಾರ್ಡಿನಲ್ಲೇ ತೆಗೆದಳು. ನಾನು ಅತ್ತಿತ್ತ ನೋಡುತ್ತಿದ್ದರಿಂದ ಅಕ್ಕ ನನ್ನ ಗದ್ದ ಹಿಡಿದು “ನೆಟ್ಟಗ ನೋಡೋ” ಎನ್ನುವಾಗ ಅವಳೂ ಚಿತ್ರದಲ್ಲಿ ಬಂದಳು. ಕಳಿಸಿದೆವು. ‘ತಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂದು ತಾವು ಉತ್ತರಿಸಿದಿರಿ. ಆ ಸಹಕಾರ ಎಂಥದೆಂದು ನಮಗೆ ಆಮೇಲೆ ತಿಳಿಯಿತು. ಅಕ್ಕ ನಮ್ಮ ಮಸ್ಕಿಯ ಮನೆಗೆ ಬಂದು ಚೇತರಿಸಿಕೊಳ್ಳುತ್ತಿರುವಾಗ ಅಶ್ವಿನಿಯ ಮೊಬೈಲಿಗೆ ತಮ್ಮ ಜಾಹೀರಾತು ಬಂತು: ‘ಯಮ, ಹೊಸ ಆವೃತ್ತಿ’. ಮೀಸೆಯಿಲ್ಲದ ನಾನು, ಅತ್ತು ಕೆಂಪಾದ ಕಣ್ಣು. ಜೊತೆಗೆ, ಕೇಳದೆ ಕೊಟ್ಟ ಬಹುಮಾನವಾಗಿ, ‘ಯಮುನೆ’. ಅಕ್ಕನ ಮುಖ. ಕೂದಲನ್ನು ಕಪ್ಪು ಮಾಡಿದ್ದಿರಿ, ಸುಕ್ಕು ತೆಗೆದಿದ್ದಿರಿ, ನೀರಿನ ಮೇಲೆ ನಿಲ್ಲಿಸಿ ಯಾವುದೋ ಸೋಪನ್ನು ಕೈಗೆ ಕೊಟ್ಟಿದ್ದಿರಿ.

ಅವಳಿಗೆ ತೋರಿಸಬಾರದೆಂದಿದ್ದೆವು, ಕೈಯಿಂದ ಕಸಿದು ನೋಡಿದಳು. ಬಹಳ ಹೊತ್ತು ನೋಡಿದಳು. ನಗುತ್ತಾಳೆಂದು ಕಾದೆ. ನಗಲಿಲ್ಲ. “ಛಂದ ಮಾಡ್ಯಾರ” ಎಂದಳು. ಆಮೇಲೆ, “ಆದ್ರ ನನ್ನ ಕೇಳಿಲ್ಲಲ್ಲೋ. ಬಾಜೂ ಮನಿಯಾಕಿ ಒಂದು ಹಿಡಿ ಉಪ್ಪು ಬೇಕಾದ್ರೂ ಬಾಗಿಲದಾಗ ನಿಂತು ಕೇಳಿ ಒಯ್ತಾಳ. ಕೇಳಿದ್ರ ನಾ ಏನು ಇಲ್ಲ ಅಂತಿದ್ನೇನು?” ಎಂದು ಮೊಬೈಲನ್ನು ಬೋರಲು ಹಾಕಿ ಆಚೆ ಮಗ್ಗುಲಾದಳು. ನನ್ನ ಮುಖ ಹೋದಾಗ ಬಾರದ ಸಿಟ್ಟು ನನಗೆ ಆ ಗಳಿಗೆಯಲ್ಲಿ ಬಂತು. ಆದ್ದರಿಂದಲೇ ಈ ಪತ್ರ.

ತಮ್ಮಲ್ಲಿ ನನ್ನ ಕೋರಿಕೆಗಳು ಹೆಚ್ಚಿಲ್ಲ. ಅಕ್ಕನ ಮುಖವನ್ನು ಸುಕ್ಕುಗಳ ಸಮೇತ, ಒಂದೂ ಕಡಿಮೆಯಾಗದಂತೆ, ಹಿಂದಿರುಗಿಸಬೇಕು. ನನ್ನ ಮುಖ ಈಗಾಗಲೇ ಮೃತ್ಯುಂಜಯರ ಪಾಲಾಗಿರುವುದರಿಂದ, ನಾನು ಬೆಳಗ್ಗೆ ಅದನ್ನು ತೊಳೆಯುವ ಮುನ್ನ ಅವರ ಅಪ್ಪಣೆ ಬೇಕೇ ಬೇಡವೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಅವರು ಒಡೆಯರಾದ ಮೇಲೆ ಒಡೆತನದ ಕಷ್ಟಗಳನ್ನೂ ವಹಿಸಿಕೊಳ್ಳುವುದು ನ್ಯಾಯ; ನನ್ನ ಬಲ ದವಡೆ ಹಲ್ಲು ನೋಯುತ್ತಿದೆ, ಯಾವ ದಿನ ಬಂದು ಕೀಳಿಸಿಕೊಳ್ಳುತ್ತಾರೆಂದು ಕೇಳಿ ಹೇಳಬೇಕು. ಗ್ಯಾನಮ್ಮನು ಎಮ್ಮೆಯ ಐದನೆಯ ಕಾಲನ್ನು ತಾವೇ ಬಂದು ಬಿಚ್ಚಿಕೊಂಡು ಹೋಗಬೇಕೆಂದು ಹೇಳಿಕಳಿಸಿದ್ದಾಳೆ. ಬರುವವರು ಹಿಂದಿನಿಂದ ಸಮೀಪಿಸಬಾರದೆಂದು ಒಬ್ಬ ನಿವೃತ್ತ ಪರಿವೀಕ್ಷಕನಾಗಿ ನನ್ನ ಸಲಹೆ. ಇದಾವುದೂ ಆಗದಿದ್ದರೆ, ತಮ್ಮ ಕಂಪನಿಯಲ್ಲಿ ಮೈಯಲ್ಲಿ ರಕ್ತವಿರುವ ಯಾರಾದರೊಬ್ಬರು ಮಸ್ಕಿಗೆ ಬಂದು, ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಕ್ಕನ ಎದುರು ಕುಳಿತು, ಒಂದು ಮಾತು ಕೇಳಲಿ. ಅವಳು ಚಹಾ ಕೊಡುತ್ತಾಳೆ. ಮುಖ ಕೊಡುತ್ತಾಳೋ ಇಲ್ಲವೋ ಅದು ಅವಳಿಗೆ ಬಿಟ್ಟದ್ದು.

ತಾವು ‘ಸಂಕ್ಷಿಪ್ತವಾಗಿ ತಿಳಿಸಿ’ ಎನ್ನುವ ಮೊದಲೇ ಮುಗಿಸುತ್ತೇನೆ.

ಮುಖವೊಂದನ್ನು ಬಿಟ್ಟು ಉಳಿದೆಲ್ಲ ರೀತಿಯಲ್ಲಿಯೂ ಸ್ವತಂತ್ರನಾದ
ತಮ್ಮ ವಿಶ್ವಾಸಿ,
ಅಮರಗುಂಡಪ್ಪ
ಮಸ್ಕಿ

ತಾ.ಕ.: ಲಿಂಗಸುಗೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ನಮ್ಮ ವಾಸಿಂ ಸಾಹೇಬರು, ಅಂಗಡಿಯ ಪಕ್ಕದ ಗೋಡೆಗೆ ಹಾದಿಹೋಕರು ನಿಂತು ಮಾಡಬಾರದ್ದನ್ನು ಮಾಡುವುದರಿಂದ ಬೇಸತ್ತಿದ್ದರು. ಸಕಲ ಧರ್ಮಗಳ ದೇವರುಗಳ ಚಿತ್ರ ಅಂಟಿಸಿದರೂ ಫಲ ಸಿಗದೆ, ಯಾರಿಗೂ ಗೌರವ ಉಕ್ಕುವಂಥ ಒಂದು ಮುಖಕ್ಕಾಗಿ ಹುಡುಕುತ್ತಿದ್ದಾಗ, ತಮ್ಮ ವೆಬ್‌ಸೈಟಿನಲ್ಲಿ ಮುಗುಳ್ನಗುತ್ತಿರುವ ತಮ್ಮ ಸಂಸ್ಥಾಪಕರ ಭಾವಚಿತ್ರ ಅವರ ಕಣ್ಣಿಗೆ ಬಿತ್ತು. ಕೇಳದೆ ಹೇಗೆ ಬಳಸುವುದೆಂದು ಅವರು ಅಳುಕಿದರು. ಸಾರ್ವಜನಿಕವಾಗಿ ಕಾಣುವ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದೆಂಬ ತಮ್ಮದೇ ನಿಯಮವನ್ನು ನಾನು ಓದಿ ಹೇಳಿ ಧೈರ್ಯ ತುಂಬಿದೆ. ಫ್ಲೆಕ್ಸು ಸ್ವಚ್ಛವಾಗಿ ಮುದ್ರಣವಾಗಿದ್ದು, ಸರಿಯಾಗಿ ಸೊಂಟದ ಎತ್ತರಕ್ಕೆ ಕಟ್ಟಲಾಗಿದೆ. ಫಲಿತಾಂಶ ಈವರೆಗೆ ಆಶಾದಾಯಕವಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.